ಅಣ್ಣೆಸೊಪ್ಪಿನ ಪದಕ

"ಇದಲ್ಲ ಕಣ್ಲಾ," ಎಂದಳು ಲಕ್ಕಮ್ಮ.

ರೇಣುಕಯ್ಯ ಕೈಯಲ್ಲಿದ್ದ ಸೊಪ್ಪಿನ ಕಂತೆಯನ್ನು ಅವಳ ಮುಖದ ಹತ್ತಿರಕ್ಕೆ ಹಿಡಿದ. ಸೋದರತ್ತೆಗೆ ಎಪ್ಪತ್ತು ದಾಟಿತು, ಕಣ್ಣು ಮಂಜಾಗಿರಬೇಕು. ಆದರೆ ಅವಳು ಸೊಪ್ಪನ್ನು ನೋಡುತ್ತಲೇ ಇರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ಅವನನ್ನೇ ನೋಡುತ್ತ ನಗುತ್ತಿದ್ದಳು.

"ಸರಿಯಾಗಿ ನೋಡತ್ತೆ. ನಿನ್ನ ಬುಟ್ಟಿಯಲ್ಲಿ ಇದ್ದದ್ದು ಇದೇ."

"ಬುಟ್ಟೀಲಿತ್ತು. ಯಾರಿಲ್ಲ ಅಂದ್ರು? ಇದು ಅಣ್ಣೆಸೊಪ್ಪು. ರಾಗಿ ಹೊಲದಾಗೆ ಬ್ಯಾಡ ಅಂದ್ರೂ ಬೆಳೀತೈತೆ. ಸಾರು ಮಾಡ್ಕಂಡು ಉಣ್ಣು, ಹೊಟ್ಟೆಗೆ ತಂಪು."

"ಅಣ್ಣೆಸೊಪ್ಪು ಅಂತ ನನಗೂ ಗೊತ್ತು. ಕಾಮಾಲೆಗೆ ನೀನು ಅರೆಯೋದು..."

"ಕಾಮಾಲೆಗೆ ಇದಲ್ಲ. ಇದು ಮೇಲಿಂದ ಹಾಕೋ ಸೊಪ್ಪು. ಅಸಲಿ ಸೊಪ್ಪು ಕಂಡೋರ ಕಣ್ಣಿಗೆ ಬೀಳಬಾರ್ದಲ್ಲ! ಗುರುತು ಸಿಕ್ಕಿದ್ರೆ ಮದ್ದಿನ ಸತ್ವ ಹೋಗ್ತೈತೆ. ಅದ್ಕೇ ಬುಟ್ಟಿ ಮೇಲೆಲ್ಲ ಇದನ್ನ ಮುಚ್ಚೋದು. ಅರೆಯೋವಾಗ್ಲೂ ಒಂದು ಹಿಡಿ ಸೇರ್ಸೋದು. ನಮ್ಮತ್ತೆ ಅಂಗೇ ಮಾಡ್ತಿದ್ಲು, ಅವರತ್ತೇನೂ ಅಂಗೇ."

ತಾವರೆಕೆರೆಯ ಆ ಜಗಲಿಯ ಮೇಲೆ, ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಡಾಕ್ಟರ್ ರೇಣುಕಯ್ಯನಿಗೆ ಬೆವರು ಕಿತ್ತುಕೊಂಡು ಬಂತು. ಅವನು ರೋಗಿಗಳನ್ನು ನೋಡುವ ಡಾಕ್ಟರನಲ್ಲ. ಬೆಂಗಳೂರಿನ ಒಂದು ಔಷಧ ಸಂಶೋಧನಾಲಯದಲ್ಲಿ ಇಲಿಗಳಿಗೆ ಕಾಮಾಲೆ ಬರಿಸಿ, ಮತ್ತೆ ತಾನೇ ಅದನ್ನು ವಾಸಿ ಮಾಡುವ ಡಾಕ್ಟರು. ಹೋದ ವರ್ಷ, ಎಂಬತ್ಮೂರರಲ್ಲಿ, ದೆಹಲಿಯವರು ಅವನನ್ನು ಕರೆಸಿ ಕೊರಳಿಗೆ ಪದಕ ಹಾಕಿದ್ದರು. 'ಸಾರಿನ ಸೊಪ್ಪಿನಲ್ಲಿ ಸಂಜೀವಿನಿ' ಎಂದು ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು. ಪದಕದ ಬೆನ್ನಿಗೇ ಅನುದಾನವೂ ಬಂತು, ಔಷಧವನ್ನು ಮೂರು ವರ್ಷ ಮನುಷ್ಯರಿಗೆ ಕೊಟ್ಟು ನೋಡುವುದಕ್ಕೆ. ಶಿರಾದ ಒಂದು ಧರ್ಮಾಸ್ಪತ್ರೆಯಲ್ಲಿ ಹತ್ತು ಹಾಸಿಗೆ ಅದಕ್ಕೆಂದೇ ಮೀಸಲಾದವು. ಎರಡನೆಯ ವರ್ಷದ ಅನುದಾನ ಬರಬೇಕಾದರೆ ಸೋಮವಾರದೊಳಗೆ ವರದಿ ಹೋಗಬೇಕು.

ಎರಡು ತಿಂಗಳಿಂದ ಅವನ ಸೊಪ್ಪಿನ ಸಾರಕ್ಕೆ ಇಲಿಗಳು ಬಗ್ಗುತ್ತಿರಲಿಲ್ಲ. ಕಿತ್ತ ಹೊತ್ತು ತಪ್ಪಿರಬೇಕು, ಮಣ್ಣು ಬೇರೆಯಿರಬೇಕು ಎಂದು ಸಮಾಧಾನ ಮಾಡಿಕೊಂಡು, ಅತ್ತೆಯನ್ನೇ ಕೇಳಿಬಿಡೋಣವೆಂದು ಬಂದಿದ್ದ.

ಏಳು ವರ್ಷದ ಹಿಂದೆ ಅವನು ಕೇಳಿರಲಿಲ್ಲ. ಆಗ ಇನ್ನೂ ಓದುತ್ತಿದ್ದ. ಒಂದು ಭಾನುವಾರ ಅತ್ತೆ ನೀರು ಹುಯ್ದುಕೊಳ್ಳಲು ಹೋದಾಗ ಒರಳಿನಲ್ಲಿದ್ದ ಅರೆದ ಮದ್ದನ್ನು ಸೀಸೆಗೆ ಕೆರೆದುಕೊಂಡು, ಬುಟ್ಟಿಯ ಮೇಲಿನಿಂದ ನಾಲ್ಕು ಎಲೆ ಎತ್ತಿಕೊಂಡು ಬಸ್ಸು ಹತ್ತಿದ್ದ. ಆ ಅರೆದ ಮದ್ದು ಕುಡಿದ ಹನ್ನೆರಡು ಇಲಿಗಳಲ್ಲಿ ಹನ್ನೊಂದು ಬದುಕಿದವು. ಎಲೆ ಯಾವುದೆಂದು ತಲೆ ಕೆಡಿಸಿಕೊಳ್ಳುವ ಕಷ್ಟವಿರಲಿಲ್ಲ, ಬುಟ್ಟಿಯಲ್ಲಿ ಕಂಡದ್ದು ಒಂದೇ ಸೊಪ್ಪು. ಬರೀ ಅಣ್ಣೆಸೊಪ್ಪಿನ ಸಾರ ಕುಡಿದ ಇಲಿಗಳು ಮಾತ್ರ ಅಷ್ಟು ಉತ್ಸಾಹ ತೋರಿಸಲಿಲ್ಲ. ಆರು ಸತ್ತವು. ಅವು ಬೇರೆ ಏನೋ ಕಾರಣಕ್ಕೆ ಸತ್ತಿರಬೇಕೆಂದು ಅವನಿಗೆ ಪ್ರಾಮಾಣಿಕವಾಗಿಯೇ ಅನ್ನಿಸಿತು. ಪ್ರಬಂಧದ ಪಟ್ಟಿಯಲ್ಲಿ ಆ ಆರಕ್ಕೆ ಜಾಗ ಸಿಗಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದ. ತನ್ನ ದನಿಯಲ್ಲಿ ಗದರಿಕೆ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ನೀನು ಕೇಳಿದ್ರೆ ತಾನೇ? ಕದ್ದೋನ ಹಿಂದೆ ಓಡೋಗಿ, ಅಪ್ಪಾ, ನೀನು ಕದ್ದಿದ್ದು ಸರಿಯಿಲ್ಲ, ಬಾ ಬದಲಾಯಿಸ್ಕೊಡ್ತೀನಿ ಅನ್ನಾಕಾಯ್ತದಾ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ.

"ಅಸಲಿ ಸೊಪ್ಪು ಯಾವುದು?"

"ಯಾಕೆ, ಇನ್ನೊಂದು ಪದಕ ಬೇಕಾ? ಅದನ್ನ ಸಾಯೋವಾಗ ಸೊಸೆ ಕಿವೀಲಿ ಹೇಳ್ತೀನಿ. ಅದು ನಮ್ ಕಟ್ಟಳೆ." ಲಕ್ಕಮ್ಮ ಸೆರಗು ಕೆಳಗಿಳಿಸಿದಳು. ನಗು ಹೋಗಿತ್ತು. "ಅದಿರ್ಲಿ ಬುಡು. ಪೇಪರ್ನಾಗೆ ನಿನ್ ಪಟ ಬಂದಾಗಿಂದ ನನ್ ತಾವ ಯಾರೂ ಬರಾಕಿಲ್ಲ. ಎಲ್ಲಾ ಶಿರಾಕ್ಕೇ. ಪಟ್ಟನಾಯಕನಹಳ್ಳಿ ಕಡೆ ಜುಂಜಮ್ಮ ಮಗಳನ್ನ ಅಲ್ಲೇ ಮಲಗ್ಸವ್ಳಂತೆ. ಕುರಿ ಹಿಂದೆ ಬೆಳೆದ ಗಟ್ಟಿ ಹುಡುಗಿ ಕಣ್ಲಾ ಅದು. ನಾಳೆ ಭಾನ್ವಾರ, ಮದ್ದು ಕೊಡೋ ದಿನ. ಬರೀ ಹೊಟ್ಟೇಲಿ ಕರ್ಕಂಬಂದ್ರೆ ನಾನು ಕೊಡ್ತೀನಿ. ಉಗುರಿಗೆ ಹಳದಿ ಇಳಿದ್ಮೇಲೆ ಬಂದ್ರೆ ನನ್ ಕೈಲೂ ಆಗಾಕಿಲ್ಲ. ಒಂದು ಮಾತು ಹೇಳ್ಬುಡು ಅವಳಿಗೆ."

"ಹೇಳ್ತೀನಿ."

"ಮರೀಬ್ಯಾಡ."

"ಹೇಳ್ತೀನಿ ಅಂದೆನಲ್ಲ ಅತ್ತೆ."

ಬಸ್ಸಿನಲ್ಲಿ ಕೂತು ಆ ಒಂದು ಮಾತನ್ನು ಕಟ್ಟಲು ನೋಡಿದ. 'ನಿಮ್ಮ ಮಗಳನ್ನು ತಾವರೆಕೆರೆಗೆ ಕರೆದುಕೊಂಡು ಹೋಗಿ.' ಇಷ್ಟೇ. ಆದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ಹೇಳಿದರೆ ಅದು ಶಿರಾದಲ್ಲಿ ನಿಲ್ಲುವುದಿಲ್ಲ, ತುಮಕೂರು ದಾಟಿ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ಹೋಗುತ್ತದೆ. ಪದಕ ವಾಪಸ್ಸು ಕೇಳುತ್ತಾರೋ? ಕೊರಳಿಗೆ ಹಾಕಿದ್ದನ್ನು ತೆಗೆಯುವ ಸಮಾರಂಭವೂ ಇರುತ್ತದೋ? ಒಬ್ಬ ಹಳ್ಳಿಯ ಮುದುಕಿಯ ಮಾತು ವಿಜ್ಞಾನದಲ್ಲಿ ಸಾಕ್ಷಿಯಾಗುವುದಿಲ್ಲ ಎಂದು ಹೇಳಿಕೊಂಡ. ಹೇಳಿಕೊಂಡ ತಕ್ಷಣ ಬದುಕಿದ ಆ ಹನ್ನೊಂದು ಇಲಿಗಳು ನೆನಪಾದವು.

ಅವನಿಗೆ ಭಯವಾಗಿತ್ತು. ಹುಡುಗಿ ಸತ್ತುಹೋಗುತ್ತಾಳೆಂಬ ಭಯವೋ, ಪದಕ ಹೋಗುತ್ತದೆಂಬ ಭಯವೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಬಲು ಬೇಗ ಸಿಕ್ಕಿತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತ.

ಧರ್ಮಾಸ್ಪತ್ರೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಆಸ್ಪತ್ರೆ ಕಟ್ಟಿಸಿದ ಕಡಲೆಕಾಯಿ ಎಣ್ಣೆ ವ್ಯಾಪಾರಿಯೇ ನಾಲ್ಕು ಗಂಟೆಗೆ ಅವನಿಗೊಂದು ಸನ್ಮಾನ ಇಟ್ಟುಕೊಂಡಿದ್ದ. ಕಾರು ಕಳಿಸುತ್ತೇನೆಂದು ಹೇಳಿಕಳಿಸಿದ್ದ. ಕಾಂಪೌಂಡರ್ ಅಹಮದ್ ಷರೀಫ್ ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿ ತೊಟ್ಟು, ವರದಿಯ ಕಾಗದ ಹಿಡಿದು ಕಾಯುತ್ತಿದ್ದ.

"ದೊಡ್ಡ ಡಾಕ್ಟರು ಮೊನ್ನೆ ತುಮಕೂರಿಂದ ಬಂದು ಸಹಿ ಹಾಕಿಟ್ಟು ಹೋದ್ರು ಸಾಬ್. ಎಷ್ಟು ಜನ ವಾಸಿ ಅನ್ನೋ ಜಾಗ ಮಾತ್ರ ಖಾಲಿ ಐತೆ. ಎಷ್ಟು ಬರೀಲಿ?"

"ಎಷ್ಟು ಜನ ವಾಸಿಯಾಗಿದ್ದಾರೆ?"

ಷರೀಫ್ ಸಂಕೋಚದಿಂದ ನಕ್ಕ. "ಅದು ನೀವು ಹೇಳ್ಬೇಕು ಸಾಬ್. ಅನುದಾನಕ್ಕೆ ಎಷ್ಟಿದ್ರೆ ಸಾಕು?"

ಮೋಸಗಾರನ ಮುಖವಲ್ಲ ಅದು. ಮನೆಗೆ ಬಂದ ನೆಂಟರಿಗೆ ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುವವನ ಹಾಗೆ ಕೇಳಿದ್ದ. ಆಮೇಲೆ ಹೇಳುತ್ತೇನೆಂದು ರೇಣುಕಯ್ಯ ಒಳಗೆ ಹೋದ.

ಮೊದಲ ಹಾಸಿಗೆಯೇ ಜುಂಜಮ್ಮನ ಮಗಳದು. ಕೊಲ್ಲಾಪುರಮ್ಮ ಎಂದು ಹೆಸರು, ಹದಿನೇಳಿರಬಹುದು. ಕಣ್ಣು ಹಣ್ಣೆಲೆಯ ಬಣ್ಣಕ್ಕೆ ತಿರುಗಿತ್ತು. ಅವನು ಅವಳ ಕೈ ಎತ್ತಿ ಉಗುರು ನೋಡಿದ. ಬುಡದಲ್ಲಿ ಇನ್ನೂ ಬೆಳ್ಳಗಿತ್ತು. ಹತ್ತೂ ಬೆರಳು ನೋಡಿದ. ಹತ್ತೂ ಬೆಳ್ಳಗೇ ಇದ್ದವು. ಸಂತೋಷವಾಗಬೇಕಿತ್ತು. ಸಮಯ ಮೀರಿದ್ದರೆ ತನಗೆ ಸಲೀಸಾಗುತ್ತಿತ್ತಲ್ಲ ಎಂಬ ಯೋಚನೆ ಬಂದು, ಥೂ ಎಂದುಕೊಂಡ.

ಜುಂಜಮ್ಮ ಎದ್ದು ನಿಂತು ಕೈ ಮುಗಿದಳು. "ಸಾಮಿ, ಹನ್ನೆರಡು ದಿನ ಆಯ್ತು. ತಾವರೆಕೆರೆ ಲಕ್ಕಮ್ಮನ ತಾವ ಕರ್ಕಂಡೋಗಾನ ಅಂತ ನಾನು. ದಿಲ್ಲೀಲಿ ಬಹುಮಾನ ಬಂದಿರೋ ಮದ್ದು ಬುಟ್ಟು ಮುದುಕಿ ಹಿಂದೆ ಹೋಗ್ತೀಯೇನೇ ಅಂತ ನಮ್ ಯಜಮಾನ. ನಂಗೇನೂ ತಿಳಿಯಾಕಿಲ್ಲ. ನೀವೇ ಹೇಳಿ. ಹೋಗ್ಲಾ, ಬ್ಯಾಡ್ವಾ?"

ಇಷ್ಟು ನೇರವಾಗಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ದೆಹಲಿಯ ಆಯ್ಕೆ ಸಮಿತಿಯ ಏಳು ಜನವೂ ಕೇಳಿರಲಿಲ್ಲ. ಹೋಗಿ ಎಂಬ ಎರಡೇ ಅಕ್ಷರ ಬಾಯಿಗೆ ಬಂದವು. ಬಾಗಿಲಲ್ಲಿ ಷರೀಫ್ ಕಾಗದ ಹಿಡಿದು ನಿಂತಿದ್ದ.

"ನೋಡೋಣ," ಎಂದ. "ಸದ್ಯಕ್ಕೆ ಇಲ್ಲೇ ಇರಲಿ."

"ಇರ್ಲಾ ಸಾಮಿ?"

"ಇರಲಿ."

ಜುಂಜಮ್ಮನ ಮುಖ ಹಗುರಾಯಿತು. ಯಾರೋ ತಲೆಯ ಮೇಲಿನ ಹೊರೆ ಇಳಿಸಿದಂತೆ ಉಸಿರುಬಿಟ್ಟಳು. "ಅಂಗಾದ್ರೆ ಇವತ್ತಿನ ಮದ್ದು ನಿಮ್ ಕೈಯಾರೆ ಹಾಕ್ಬುಡಿ. ಮದ್ದು ಎಷ್ಟಿದ್ರೂ ಕೈಗುಣ ಬೇಕಲ್ರಾ?"

ಷರೀಫ್ ಓಡಿಬಂದು ಬಾಟಲಿ, ಚಮಚ ಕೊಟ್ಟ. ಹುಡುಗಿ ತಾನೇ ಬಾಯಿ ತೆರೆದಳು. ಹಸಿರು ಪಾನಕ ಗಂಟಲಲ್ಲಿ ಇಳಿಯುವುದು ಕಂಡಿತು. ಸಿಹಿಯಾಗಿತ್ತೋ ಏನೋ, ಅವಳು ಅವನನ್ನು ನೋಡಿ ಸಣ್ಣಗೆ ನಕ್ಕಳು. ಆ ನಗುವನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಈಗಲೂ ಹೇಳಬಹುದು, ರಾತ್ರಿಯ ತನಕ ಹೊತ್ತಿದೆ, ಸನ್ಮಾನ ಮುಗಿಸಿ ಬಂದು ಹೇಳಬಹುದು ಎಂದುಕೊಂಡ. ಸಭೆಯಾದ ಮೇಲೆ ಊಟವಿದೆ ಎಂಬುದೂ ನೆನಪಾಯಿತು.

"ನಮಗೂ ಸಾಮಿ," ಎಂದ ಪಕ್ಕದ ಹಾಸಿಗೆಯ ಮುದುಕ.

ಬಿಡುವಂತಿರಲಿಲ್ಲ. ಸುದ್ದಿ ಆಗಲೇ ಹಾಸಿಗೆಯಿಂದ ಹಾಸಿಗೆಗೆ ಹೋಗಿತ್ತು. ಒಬ್ಬೊಬ್ಬರೂ ಎದ್ದು ಕೂತು, ತೀರ್ಥಕ್ಕೆ ಕಾಯುವವರ ಹಾಗೆ ಮುಖ ಎತ್ತಿ ಕಾಯುತ್ತಿದ್ದರು. ಅವನು ಹುಯ್ದ, ಕೊಟ್ಟ, ಮುಂದೆ ನಡೆದ. ಮುಖ ನೋಡುವುದನ್ನು ನಿಲ್ಲಿಸಿದರೆ ಕೆಲಸ ಸಲೀಸೆಂದು ಮೂರನೆಯ ಹಾಸಿಗೆಯ ಹೊತ್ತಿಗೆ ತಿಳಿದಿತ್ತು. ಆಮೇಲೆ ಬರೀ ಚಮಚ, ಬರೀ ಬಾಯಿ. ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಅವನು ಬೇಗ ಬೇಗ ನಡೆದು, ತುಳುಕುವಷ್ಟು ತುಂಬಿಸಿ, ತಲೆ ಎತ್ತದೆಯೇ ಕೈ ಮುಂದೆ ಚಾಚಿದ.

ಚಮಚಕ್ಕೆ ಬಾಯಿ ಸಿಗಲಿಲ್ಲ.

ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. ಬರೀ ಕಬ್ಬಿಣದ ಮಂಚ. ಪಟ್ಟಿಗಳ ನಡುವೆ ಕೆಳಗಿನ ನೆಲ ಕಾಣುತ್ತಿತ್ತು, ತೊಳೆದ ನೀರು ಇನ್ನೂ ಆರಿರಲಿಲ್ಲ.

ಷರೀಫ್ ಹತ್ತಿರ ಬಂದು ದನಿ ತಗ್ಗಿಸಿದ. "ಅದು ಮಧ್ಯಾಹ್ನಾನೇ ಆಯ್ತು ಸಾಬ್. ಗುಣವಾಗಿ ಮನೆಗೆ ಹೋದ್ರು ಅಂತ ಬರೆದಿದ್ದೀನಿ."

ಕಾರಿನ ಹಾರನ್ನು ಎರಡು ಸಲ ಕೂಗಿತು. ರೇಣುಕಯ್ಯ ಚಮಚವನ್ನು ಹಿಂದಕ್ಕೆ ತೆಗೆಯಲು ಹೋದ.

"ಚೆಲ್ಬ್ಯಾಡಿ ಸಾಮಿ," ಎಂದು ಹಿಂದಿನಿಂದ ಜುಂಜಮ್ಮ ಕೂಗಿದಳು. "ಎತ್ತಿದ ಮದ್ದು ಸೀಸೆಗೂ ಹಾಕಬಾರ್ದು, ನೆಲಕ್ಕೂ ಚೆಲ್ಲಬಾರ್ದು."

ಒಂಬತ್ತು ಹಾಸಿಗೆಗಳಿಂದ ಒಂಬತ್ತು ಹಳದಿ ಮುಖಗಳು ಅವನ ಕೈಯನ್ನೇ ನೋಡುತ್ತಿದ್ದವು. ಅವನು ಅಲುಗದೆ ನಿಂತ. ಕಬ್ಬಿಣದ ಮಂಚದ ಮೇಲೆ, ಮಲಗಿದವರ ಬಾಯಿ ಇರಬಹುದಾದ ಎತ್ತರಕ್ಕೆ ಚಮಚ ಹಿಡಿದು, ಒಂದು ಹನಿಯೂ ಚೆಲ್ಲದಂತೆ ನೋಡಿಕೊಳ್ಳುತ್ತಿದ್ದ.