ಮೂವತ್ತು ಪಾದ

ಎರಡನೇ ಸಲವೂ ಅಡ್ಡಪಟ್ಟಿ ಬಿತ್ತು. ಸೊಂಟ ದಾಟಿತ್ತು, ಹಿಮ್ಮಡಿ ತಗುಲಿತು. ಮ್ಯಾಟಿನ ಮೇಲಿಂದ ತಕ್ಷಣ ಎದ್ದೆ. ಮಲಗಿಯೇ ಇದ್ದರೆ ಜನ ಅಯ್ಯೋ ಅನ್ನುತ್ತಾರೆ.

ಎತ್ತರ ಜಿಗಿತ, ಒಂದು ಮೀಟರ್ ತೊಂಬತ್ತನಾಲ್ಕು ಸೆಂಟಿಮೀಟರ್. ದಾಟಿದರೆ ಬೇಸಿಗೆಯ ವಿಶ್ವ ಕೂಟದ ತಂಡದಲ್ಲಿ ಜಾಗ. ಇಲ್ಲದಿದ್ದರೆ ಮನೆ. ಎರಡು ಸಲ ದೇಶದ ಚಾಂಪಿಯನ್ ಆಗಿದ್ದೆ, ಎರಡು ಮೀಟರನ್ನೂ ದಾಟಿದ್ದೆ. ಆದರೂ ಮೂವತ್ತೆರಡು ವರ್ಷದವಳಿಗಾಗಿ ಯಾರೂ ಇನ್ನೊಂದು ಬೇಸಿಗೆ ಕಾಯುವುದಿಲ್ಲ. ಉಳಿದಿದ್ದದ್ದು ಒಂದೇ ಯತ್ನ.

ಹೊರಗೆ ಚೆಲ್ಯಾಬಿನ್ಸ್ಕ್ ನಗರ ಮೈನಸ್ ಮೂವತ್ತೊಂದು ಡಿಗ್ರಿಯಲ್ಲಿ ಮರಗಟ್ಟಿತ್ತು. ಒಳಗೆ ಕಿವಿ ಗುಂಯ್‌ಗುಡುವಷ್ಟು ಸಂಗೀತ. ಚಳಿಗಾಲದ ಕೂಟದಲ್ಲಿ ಪ್ರತಿಯೊಬ್ಬಳೂ ತನ್ನ ಹಾಡು ಹಾಕಿಸಿಕೊಂಡೇ ಓಡುತ್ತಾಳೆ. ಉಲ್ಯಾನಾಳದು ಬರೀ ಡ್ರಮ್ಮು. ಹತ್ತೊಂಬತ್ತರ ಹುಡುಗಿ, ಮೊದಲ ಯತ್ನಕ್ಕೇ ದಾಟಿ ಬಾಳೆಹಣ್ಣು ತಿನ್ನುತ್ತ ಕೂತಿದ್ದಳು.

“ಕೂತ್ಕೊಳ್ಳಿ ರಿಮ್ಮಾ ಸಾವೆಲ್ಯೆವ್ನಾ. ನೀವು ಓಡಾಡೋದು ನೋಡಿ ನಂಗೇ ಸುಸ್ತಾಯ್ತು.”

ಬೇಕೆಂದೇ ಅಪ್ಪನ ಹೆಸರು ಸೇರಿಸಿ ಕರೆದಳು, ಶಾಲೆಯ ಟೀಚರನ್ನು ಕರೆಯುವ ಹಾಗೆ.

“ಇನ್ನೊಂದು ತಿನ್ನು,” ಅಂದೆ. “ಮುಂದಿನ ಎತ್ತರಕ್ಕೆ ಹೊಟ್ಟೇನೇ ತಗುಲುತ್ತೆ.”

ಅವಳು ನಕ್ಕಳು. ನಾನು ಮತ್ತೆ ಓಡಾಡತೊಡಗಿದೆ. ಕಾಲು ನಿಲ್ಲುತ್ತಿರಲಿಲ್ಲ.

ಕೋಚ್ ಗೆರ್ಮನ್ ಫೋಮಿಚ್ ಬೇಲಿಯ ಆಚೆ ಬೆಂಚಿನ ಮೇಲಿದ್ದರು.

“ಸೊಂಟ ಎತ್ತಲಿಲ್ಲ ನೀನು.”

“ಎತ್ತಿದೆ.”

“ಹಾಗಾದ್ರೆ ಪಟ್ಟಿ ಏನು, ಗಾಳಿಗೆ ಬಿತ್ತಾ? ದೂರದಿಂದ ಹಾರ್ತಿದೀಯ. ವಯಸ್ಸಾದ ಮೇಲೆ ಎಲ್ರೂ ಪಟ್ಟೀಗೆ ಹೆದರ್ತಾರೆ.”

ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಬೆಳಗಿನಿಂದ ದೂರದಿಂದಲೇ ಹಾರುತ್ತಿದ್ದೆ. ಮೊದಲ ಎರಡು ಎತ್ತರ ಹೇಗೋ ಸವರಿಕೊಂಡು ದಾಟಿದ್ದೆ. ಆದರೆ ಹೆಜ್ಜೆ ಸರಿಯಿತ್ತು. ಓಟದ ಒಂಬತ್ತೂ ಹೆಜ್ಜೆ ಸರಿಯಿತ್ತು.

ನೇರ ಓಟ ಅಡ್ಡಪಟ್ಟಿಯತ್ತ ಬಾಗುವ ಜಾಗಕ್ಕೆ ಗುರುತು ಹಾಕುವವರು ಅವರೇ, ನನಗೆ ಹದಿನಾಲ್ಕು ವರ್ಷ ಇದ್ದಾಗಿನಿಂದ. ಅಡ್ಡಪಟ್ಟಿಯ ಕಂಬದಿಂದ ಹಿಮ್ಮಡಿಗೆ ಕಾಲ್ತುದಿ ತಾಗಿಸುತ್ತ ಮೂವತ್ತು ಪಾದ ನಡೆದು, ನೆಲಕ್ಕೆ ಬಿಳಿ ಪಟ್ಟಿ ಅಂಟಿಸುತ್ತಾರೆ. ನನ್ನ ಓಟವೆಲ್ಲ ಆ ಪಟ್ಟಿಯ ಲೆಕ್ಕದಲ್ಲೇ. ಉಳಿದವರೆಲ್ಲ ಅಳತೆ ಟೇಪು ಹಿಡಿಯುತ್ತಾರೆ. “ಟೇಪು ಜಗ್ಗುತ್ತೆ, ನನ್ನ ಕಾಲು ಜಗ್ಗಲ್ಲ” ಅನ್ನುವುದು ಅವರ ವಾದ.

ಬೆಂಚಿನ ಕೆಳಗೆ ಕರಗಿದ ಹಿಮದ ನೀರು ನಿಂತಿತ್ತು. ನೀರಿನ ನಡುವೆ ಅವರ ಕಾಲು. ಕಾಲಿನಲ್ಲಿ ಬೂದು ಉಣ್ಣೆಯ ದಪ್ಪ ಬೂಟು, ಅದರ ಮೇಲೆ ರಬ್ಬರಿನ ಹೊದಿಕೆ.

“ಗೆರ್ಮನ್ ಫೋಮಿಚ್, ಬೆಳಿಗ್ಗೆ ಇದನ್ನ ಹಾಕ್ಕೊಂಡೇ ಅಳೆದ್ರಾ?”

“ಕೀಲು ಊದಿದೆ, ಶೂ ಹಿಡಿಸಲ್ಲ. ಏನೀಗ?” ಅಂದವರು ತಾವೇ ಕೆಳಗೆ ನೋಡಿಕೊಂಡರು. ಪಾದಕ್ಕೆ ಒಂದು ಬೆರಳಗಲ ಹೆಚ್ಚಾದರೂ ಮೂವತ್ತಕ್ಕೆ ಎಷ್ಟಾಯಿತು ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗುರುತು ಹಿಂದೆ ಸರಿದಷ್ಟು ನಾನು ಹಾರುವ ಜಾಗವೂ ಹಿಂದೆ ಸರಿದಿತ್ತು.

“ಇರು, ಸಾಕ್ಸಲ್ಲಿ ಅಳೀತೀನಿ.”

ಬಗ್ಗಿ ಬೂಟು ಎಳೆದರು. ಬರಲಿಲ್ಲ. ಅಷ್ಟರಲ್ಲಿ ನನ್ನ ಹೆಸರು ಕರೆದರು. ಇದ್ದದ್ದು ಒಂದು ನಿಮಿಷ.

ನನ್ನ ಪಾದದಲ್ಲಿ ಎಷ್ಟಾಗುತ್ತದೋ ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ. ನೆಲದ ಬಿಳಿ ಪಟ್ಟಿ ಕಿತ್ತು, ಅಂದಾಜಿನ ಮೇಲೆ ಒಂದೂವರೆ ಪಾದ ಕಂಬದ ಕಡೆಗೆ ಅಂಟಿಸಿದೆ. ಹಿಂದಿನಿಂದ ಅವರು “ರಿಮ್ಮಾ, ನಿಲ್ಲು” ಅಂದರು. ನಿಲ್ಲಲಿಲ್ಲ. ನನ್ನ ಅಕಾರ್ಡಿಯನ್ ಹಾಡು ಆಗಲೇ ಅರ್ಧ ಮುಗಿದಿತ್ತು.

ಓಡಿದೆ.

ಮ್ಯಾಟಿನ ಮೇಲಿಂದ ನೋಡಿದೆ. ಅಡ್ಡಪಟ್ಟಿ ನಡುಗುತ್ತಿತ್ತು, ಆದರೆ ಬೀಳಲಿಲ್ಲ. ತೀರ್ಪುಗಾರ ಬಿಳಿ ಬಾವುಟ ಎತ್ತಿದ. ಉಲ್ಯಾನಾ ಬಾಳೆಹಣ್ಣಿನ ಸಿಪ್ಪೆ ಎತ್ತಿ ತೋರಿಸಿದಳು.

ಯಾರ ಕೈಯನ್ನೂ ಕುಲುಕಲಿಲ್ಲ. ನೇರ ಗುರುತಿನ ಹತ್ತಿರ ಹೋಗಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಕಂಬದವರೆಗೆ ನಡೆದೆ. ಗೆರ್ಮನ್ ಫೋಮಿಚ್ ಒಂದು ಬೂಟು ಕೈಯಲ್ಲಿ ಹಿಡಿದು ಕೂತಿದ್ದರು.

“ಎಷ್ಟು ಬಂತು?”

“ನನ್ನ ಪಾದದಲ್ಲಿ ಮೂವತ್ತಮೂರಕ್ಕೆ ಎರಡು ಬೆರಳು ಕಡಿಮೆ.”

“ಬರ್ಕೋ,” ಅಂದರು. “ಮರ್ತುಬಿಡ್ತೀಯ.”