ಹಸೈನಾರರ ಜೀಪಿನ ಮೆಟ್ಟಿಲು

ದೇಲಂಪಾಡಿಯ ಕಡೆಗೆ ಬಸ್ಸುಗಳು ಹೆಚ್ಚಾದ ಮೇಲೆ ಹಸೈನಾರರ ಸರ್ವಿಸ್ ಜೀಪು ಅಂಗಳದ ಮೂಲೆ ಸೇರಿತ್ತು. ಒಂದು ಕಾಲದಲ್ಲಿ ಅದರ ಹಿಂದೆ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು; ಜಾಗ ಸಿಗದವರು ಸರಳು ಹಿಡಿದು ನೇತಾಡುತ್ತಿದ್ದರು. ಈಗ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿತ್ತು. ಅಷ್ಟರಲ್ಲಿ, ಮನೆಯ ಹಿಂದಿನ ಗುಡ್ಡದ ನೆತ್ತಿಯಿಂದ ಕಡಲು ಕಾಣುತ್ತದೆಂದು ಯಾರೋ ಮೊಬೈಲಿನಲ್ಲಿ ಚಿತ್ರ ಹಾಕಿದರು. ಭಾನುವಾರವಾದರೆ ಕಣ್ಣೂರಿನವರು, ಮಂಗಳೂರಿನವರು ದಾರಿ ಕೇಳಿಕೊಂಡು ಬರತೊಡಗಿದರು. ಅವರನ್ನು ಜೀಪಿನಲ್ಲಿ ಮೇಲೆ ಕರೆದೊಯ್ದು ಕಡಲು ತೋರಿಸಿ ಕರೆತರುವುದೆಂದು ಹಸೈನಾರರು ನಿಶ್ಚಯಿಸಿದರು. ಜೀಪು ಕುಂಬ್ಡಾಜೆ ದಾರಿಯಲ್ಲಿದ್ದ ಕ್ಲೆಟಸನ ವೆಲ್ಡಿಂಗ್ ಶೆಡ್ಡಿಗೆ ಬಂತು.

“ಪೊರ್ಬುಗಳೇ,” ಎಂದರು ಹಸೈನಾರರು, ಊರಲ್ಲಿ ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ. “ಕೂತವರಿಗೆ ಎದುರಿನವನ ಮೂತಿ ಕಂಡರೆ ಸಾಲದು. ಗುಡ್ಡ ಕಾಣಬೇಕು.”

“ಕಾಣುವ ಹಾಗೆ ಮಾಡುವ ಬ್ಯಾರಿಗಳೇ. ಮುಗಿಯುವವರೆಗೆ ಈ ಕಡೆ ತಲೆ ಹಾಕ್ಬೇಡಿ,” ಎಂದ ಕ್ಲೆಟಸ್.

ಕ್ಲೆಟಸ್ ಎದುರುಬದುರಿನ ಹಲಗೆಗಳನ್ನು ಕಿತ್ತ. ಮುಂದಕ್ಕೆ ಮುಖಮಾಡಿದ ಸೀಟುಗಳನ್ನು ಒಂದಕ್ಕಿಂತ ಒಂದು ಎತ್ತರಕ್ಕೆ ಕೂರಿಸಿದ. ಟಾರ್ಪಾಲು ತೆಗೆದು ಕಬ್ಬಿಣದ ಪೈಪು ಬಗ್ಗಿಸಿ ಮೇಲೆ ಚೌಕಟ್ಟು ಕಟ್ಟಿದ. ದಾರಿಯ ಪಾದೆಕಲ್ಲುಗಳು ಅಡಿಗೆ ತಾಗಬಾರದೆಂದು ಬಾಡಿಯನ್ನು ಎತ್ತರಿಸಿ ದೊಡ್ಡ ಟಯರು ಹಾಕಿಸಿದ. ದಿನಕ್ಕೆ ಹತ್ತು ಸಲ ಅವನೇ ಹತ್ತಿ ಇಳಿದು ನೋಡುತ್ತಿದ್ದ. ಲುಂಗಿ ಮೇಲೆ ಕಟ್ಟಿ, ಪೈಪು ಹಿಡಿದು ಒಮ್ಮೆ ಜೀಕಿದರೆ ಸಾಕು, ಮೇಲಿರುತ್ತಿದ್ದ. ಬೇರೆ ಯಾರನ್ನೂ ಹತ್ತಿಸಿ ನೋಡಬೇಕೆಂದು ಅವನಿಗೆ ಅನ್ನಿಸಲಿಲ್ಲ.

ಹಸೈನಾರರ ಹೆಂಡತಿ ಖೈರುನ್ನಿಸಾ ಮದುವೆಯಾಗಿ ಬಂದಂದಿನಿಂದ ಆ ಗುಡ್ಡದ ಬುಡದಲ್ಲೇ ಇದ್ದರೂ ನೆತ್ತಿ ಕಂಡವರಲ್ಲ. ನಡೆಯುವ ಪ್ರಾಯದಲ್ಲಿ ಕಂಕುಳಲ್ಲಿ ಮಕ್ಕಳು, ಮಕ್ಕಳು ದೊಡ್ಡವರಾಗುವಾಗ ಮಂಡಿನೋವು. ರೇಷನ್ ಅಂಗಡಿಯಲ್ಲಿ ಸಿಕ್ಕಿದಾಗ ಅವರು ಕೇಳಿದ್ದರು, “ಎಲ್ಲರಿಗೂ ತೋರಿಸ್ತೀರಂತೆ. ನನಗೂ ಒಂದು ಜಾಗ ಉಂಟಾ ಕ್ಲೆಟಸ್?”

“ಮೊದಲ ಸೀಟೇ ನಿಮಗೆ ಅಕ್ಕ. ಮೊದಲ ಟ್ರಿಪ್ಪಿಗೆ ಕೂರಿಸುವ ಜವಾಬ್ದಾರಿ ನನ್ನದು,” ಎಂದಿದ್ದ ಕ್ಲೆಟಸ್.

ಮೊದಲ ಟ್ರಿಪ್ಪಿನ ಬೆಳಿಗ್ಗೆ ಕಣ್ಣೂರಿನ ಕಾಲೇಜು ಹುಡುಗರ ಒಂದು ತಂಡ ಬಂದಿತ್ತು. ದಾರಿ ತೋರಿಸಲು ನೆರೆಮನೆಯ ಉದಯಶಂಕರ ಟೊಪ್ಪಿ ಹಾಕಿಕೊಂಡು ನಿಂತಿದ್ದ; ತನ್ನ ಕೆಲಸ ನೋಡಲು ಕ್ಲೆಟಸನೂ ಅಂಗಳಕ್ಕೆ ಬಂದಿದ್ದ. ಜೀನ್ಸಿನ ಹುಡುಗರು ಮಂಗಗಳ ಹಾಗೆ ಹತ್ತಿ ಕೂತರು. ಮೊದಲ ಸೀಟು ಮಾತ್ರ ಖಾಲಿ. ಖೈರುನ್ನಿಸಾ ಇಸ್ತ್ರಿ ಹಾಕಿದ ಪರ್ದಾ ತೊಟ್ಟು, ಕೈಯಲ್ಲಿ ತಿಂಡಿಯ ಡಬ್ಬಿ ಹಿಡಿದು ಹೊರಗೆ ಬಂದರು. ಜೀಪಿನ ಹಿಂದೆ ನಿಂತು ಕಾಲೆತ್ತಿದರು. ಕಾಲು ಎಟುಕಲಿಲ್ಲ. ಡಬ್ಬಿಯನ್ನು ಗಂಡನಿಗೆ ಕೊಟ್ಟು ಎರಡೂ ಕೈಯಲ್ಲಿ ಪೈಪು ಹಿಡಿದರು. ಆಗಲೂ ಇಲ್ಲ.

“ಪೊರ್ಬುಗಳು ಅಂಬಾರಿ ಕಟ್ಟಿದ್ದು ಚಂದ ಆಗಿದೆ,” ಎಂದ ಉದಯಶಂಕರ. “ಆನೆಯಾದ್ರೆ ಮೊಣಕಾಲೂರಿ ಕೂರ್ತದೆ. ಇದಕ್ಕೆ ಎಂತ ಹೇಳುವುದು ಮಾರಾಯ್ರೆ?”

ಹುಡುಗರು ನಕ್ಕರು. ಕ್ಲೆಟಸನ ಕಿವಿ ಬಿಸಿಯಾಯಿತು. ತನ್ನ ಕೆಲಸಕ್ಕೆ ಕುಂದು ಬಂತೆಂಬ ಗಡಿಬಿಡಿಯಲ್ಲಿ ಬಾಯಿಂದ ಬಂದೇಬಿಟ್ಟಿತು:

“ಎತ್ತರ ಎಂತದೂ ಇಲ್ಲ ಅಕ್ಕ. ಬಟ್ಟೆ ಸ್ವಲ್ಪ ಮೇಲೆ ಎತ್ತಿ ಹಿಡಿದ್ರೆ ಕಾಲು ಸಿಗ್ತದೆ.”

ನಗು ನಿಂತಿತು. ಹುಡುಗರು ಒಬ್ಬೊಬ್ಬರಾಗಿ ಮುಖವನ್ನು ಗುಡ್ಡದ ಕಡೆಗೆ ತಿರುಗಿಸಿದರು. ಖೈರುನ್ನಿಸಾ ಪೈಪಿನಿಂದ ಕೈ ತೆಗೆದು, ಸುಕ್ಕೇ ಇಲ್ಲದ ಪರ್ದಾವನ್ನು ಸರಿಮಾಡಿಕೊಂಡರು.

“ಒಲೆಯಲ್ಲಿ ಪಾತ್ರೆ ಇಟ್ಟದ್ದು ಮರೆತೇ ಹೋಯಿತು. ನೀವು ಹೋಗಿ ಬನ್ನಿ,” ಎಂದು ಒಳಗೆ ಹೋದರು. ಒಲೆಯ ಅವಸರವೇನೂ ನಡಿಗೆಯಲ್ಲಿರಲಿಲ್ಲ.

ಹಸೈನಾರರು ಡಬ್ಬಿಯನ್ನು ಜಗಲಿಯ ಮೇಲಿಟ್ಟು ಜೀಪು ಹತ್ತಿದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಕ್ಲೆಟಸನಿಗೆ. ಖಾಲಿ ಸೀಟಿನ ಮೇಲೆ ಹುಡುಗರು ಚೀಲಗಳನ್ನಿಟ್ಟರು, ಜೀಪು ಹೋಯಿತು.

ಆ ಮಧ್ಯಾಹ್ನ ಮನೆಯಲ್ಲಿ ಕ್ಲೆಟಸ್ ತಟ್ಟೆಯೆದುರು ಕೂತ. ಅಂಗಳದಲ್ಲಿ ನಡೆದದ್ದು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಜೆಸ್ಸಿ ಮೀನಿನ ಸಾರು ಬಡಿಸುತ್ತಾ ಕೇಳಿದಳು, “ನೀವು ಅಳತೆ ತೆಗೆದದ್ದು ಯಾರ ಕಾಲಿನಲ್ಲಿ?”

“ನನ್ನದರಲ್ಲೇ. ಮತ್ತೆ ಯಾರದ್ದು?”

“ಲುಂಗಿ ಎತ್ತಿ ಕಟ್ಟಿಯಾ, ಬಿಟ್ಟಾ?”

ಅವನು ಉಣ್ಣದೆ ಎದ್ದು ಶೆಡ್ಡಿಗೆ ಹೋದ. ಲುಂಗಿಯನ್ನು ಪಾದದವರೆಗೆ ಇಳಿಬಿಟ್ಟು ಕೆಲಸದ ಮೇಜಿಗೆ ಕಾಲೆತ್ತಿದ. ಬಟ್ಟೆ ಮೊಣಕಾಲನ್ನು ಹಗ್ಗದ ಹಾಗೆ ಬಿಗಿದು ಕೆಳಕ್ಕೆ ಜಗ್ಗಿತು. ಬೀಳುವವನನ್ನು ಹಿಂದೆ ಬಂದಿದ್ದ ಜೆಸ್ಸಿ ಹೆಗಲು ಕೊಟ್ಟು ಹಿಡಿದಳು. ಅವಳು ನಗಲಿಲ್ಲ.

ಮೇಜಿನ ಬದಿಯ ಗುಜರಿ ರಾಶಿಯಲ್ಲಿ ಜೀಪಿನ ಹಳೆಯ ಮೆಟ್ಟಿಲು ಬಿದ್ದಿತ್ತು. ನೆಲಕ್ಕೆ ಹತ್ತಿರವಿದ್ದ, ಚಪ್ಪಲಿ ತಾಗಿ ತಾಗಿ ನಡುವೆ ಸವೆದು ಹೊಳೆಯುವ ತಗಡು. ಕಲ್ಲಿಗೆ ಬಡಿದೀತೆಂದು ಅವನೇ ಗ್ಯಾಸಿನಲ್ಲಿ ಕತ್ತರಿಸಿ ಎಸೆದಿದ್ದ. ಅದರ ಮೇಲೆ ಕಾಲಿಟ್ಟು ಎಷ್ಟು ಹೆಂಗಸರು ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗಿದ್ದರೋ. ಅವನ ಅಮ್ಮನೂ ಹೋಗಿದ್ದರು, ಸೀರೆಯ ಅಂಚು ಒಂದಿಷ್ಟೂ ಸರಿಯದ ಹಾಗೆ. ಆಗ ಅವನು ಹಿಂದೆ ನಿಂತು ಅವರ ಚೀಲ ಹಿಡಿದಿರುತ್ತಿದ್ದ. ಹಿಡಿದ ಕೈಗೆ ಇದು ಹೇಗೆ ಮರೆತುಹೋಯಿತು?

ಬೇಡದಾಗ ಮಡಚಿಡುವಂತೆ, ಹತ್ತಿರ ಹತ್ತಿರ ಎರಡು ಹೆಜ್ಜೆಯ ಹೊಸ ಮೆಟ್ಟಿಲು ಮಾಡಿದ. ಬದಿಗೊಂದು ಹಿಡಿ ಇಟ್ಟ. ಮೂಲೆಗಳನ್ನು ಬಟ್ಟೆ ಸಿಕ್ಕಿಕೊಳ್ಳದಷ್ಟು ನಯವಾಗಿ ಉಜ್ಜಿದ. ವಾರದ ನಡುವೆ, ಪ್ರವಾಸಿಗರಿಲ್ಲದ ದಿನ, ಹಸೈನಾರರ ಅಂಗಳಕ್ಕೆ ಹೋಗಿ ಜೀಪಿಗೆ ಕೂಡಿಸಿದ. ಒಳಗಿನಿಂದ ಚಾ ಬಂತು, ತಂದುಕೊಟ್ಟವರು ಹಸೈನಾರರು.

“ಅಕ್ಕನ ಹತ್ರ ಒಂದು ಮಾತು ಹೇಳ್ಲಿಕ್ಕೆ ಉಂಟು,” ಎಂದ ಕ್ಲೆಟಸ್.

ಹಸೈನಾರರು ಒಳಗೆ ಹೋಗಿ ಬಂದರು. ಗಡ್ಡ ತುರಿಸಿಕೊಳ್ಳುತ್ತಾ ಹೇಳಿದರು:

“ಮಾತು ಬೇಡ ಅಂತೆ. ಈಗ ಹೋಗಿ ಕಡಲು ನೋಡಿ ಬರುವ ಅಂತ ಹೇಳಿದಳು. ಆದ್ರೆ ಪೊರ್ಬುಗಳೇ, ನೀವು ಆ ಕಡೆ ತಿರುಗಿ ನಿಲ್ಬೇಕಂತೆ.”

ಕ್ಲೆಟಸ್ ಕೊಟ್ಟಿಗೆಯ ಕೆಂಪು ಮುರಕಲ್ಲಿನ ಗೋಡೆಗೆ ಮುಖಮಾಡಿ ನಿಂತ. ಹಿಂದಿನಿಂದ ಚಪ್ಪಲಿಯ ಸದ್ದು ಬಂತು. ತಗಡಿನ ಮೇಲೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಸೀಟು ಮೆಲ್ಲಗೆ ಕಿರುಗುಟ್ಟಿತು. ಎಲ್ಲಿಯೂ ಕಾಲು ತಡವರಿಸಲಿಲ್ಲ, ಎಲ್ಲಿಯೂ ಬಟ್ಟೆ ಹರಿದ ಸದ್ದಿಲ್ಲ. ಜೀಪು ಹೊರಟು ಗುಡ್ಡದ ತಿರುವಿನಲ್ಲಿ ಗೇರು ಬದಲಿಸಿದ್ದು ಕೇಳಿಸಿತು. ಇನ್ನು ತಿರುಗಬಹುದಿತ್ತು. ಅವನು ತಿರುಗಲಿಲ್ಲ. ಗೋಡೆಯ ಕಲ್ಲಿನ ತೂತುಗಳನ್ನೇ ನೋಡುತ್ತ ನಿಂತಿದ್ದ, ಜೀಪಿನ ಸದ್ದು ಮೇಲೆ ಹೋಗಿ ಅಡಗುವವರೆಗೂ.