ಸರೋವರದ ಮೇಲಿದ್ದವನ ಒಪ್ಪಿಗೆ

ದೇವರು ನನ್ನನ್ನು ಹುಟ್ಟಿಸಿದ್ದು ಮಲಾವಿ ದೇಶದ ಬಡಗಣ ಗುಡ್ಡಗಳಲ್ಲಿ. ಮುದ್ದೆಯ ಋಣ ಇಟ್ಟದ್ದು ಮಾತ್ರ ತೆಂಕಣದ ಚಿಲ್ವಾ ಸರೋವರದ ದಂಡೆಯಲ್ಲಿ. ಇಪ್ಪತ್ತಾರು ವರ್ಷ ಆ ಕಡೆಯ ಊರುಗಳಲ್ಲಿ ಸೈಕಲ್ ತುಳಿದೆ. ದೊಡ್ಡಾಸ್ಪತ್ರೆಯ ಡಾಕ್ಟರುಗಳು ಮಕ್ಕಳ ಮಲೇರಿಯಾದ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಅವರ ಕಾಗದವನ್ನು ಜನರಿಗೆ ತಿಳಿಯುವ ಹಾಗೆ ಓದಿ ಹೇಳಿ, ಮನೆಯವರ ಒಪ್ಪಿಗೆ ಪಡೆದು, ಮಗುವಿನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ತರುವುದು ನನ್ನ ಕೆಲಸ. ಒಪ್ಪಿದ ಮನೆಗೆ ಒಂದು ಬಟ್ಟೆ ಸೋಪು ಕೊಡುತ್ತಿದ್ದೆವು. ಈಗ ನಿವೃತ್ತನಾಗಿದ್ದೇನೆ, ಚರ್ಚಿನಲ್ಲಿ ಹಿರಿಯರ ಬೆಂಚಿನ ಮೇಲೆ ಕೂರುತ್ತೇನೆ. ತಪ್ಪೊಪ್ಪಿಗೆಯ ಪ್ರಾರ್ಥನೆಯಲ್ಲಿ ಪಾದ್ರಿಗಳು, ಒಂದು ಗಳಿಗೆ ಮೌನವಾಗಿ ಅವರವರ ತಪ್ಪನ್ನು ಅವರವರೇ ನೆನೆಯಿರಿ ಎಂದಾಗ ನನ್ನ ಕಣ್ಣ ಮುಂದೆ ಬರುವುದು ಒಂದು ನೀಲಿ ಸೋಪು.

ಆ ವರ್ಷದ ಸಂಶೋಧನೆ ಹೀಗಿತ್ತು. ಮೈಯಲ್ಲಿ ರಕ್ತ ತೀರ ಇಳಿದು ಆಸ್ಪತ್ರೆ ಸೇರಿ, ಇನ್ನೊಬ್ಬರ ರಕ್ತ ಹಾಕಿಸಿಕೊಂಡು ಬದುಕಿ ಮನೆಗೆ ಬಂದ ಮಕ್ಕಳು ಮುಂದಿನ ಮೂರು ತಿಂಗಳಲ್ಲಿ ಮತ್ತೆ ಮಲಗುತ್ತಿದ್ದವು. ಹಾಗೆ ಮಲಗಿದವು ಎಷ್ಟೋ ಮತ್ತೆ ಏಳುತ್ತಿರಲಿಲ್ಲ. ತಿಂಗಳಿಗೆ ಮೂರು ದಿನ ಮಾತ್ರೆ ಕೊಟ್ಟರೆ ಅವು ಉಳಿಯುತ್ತವೆಯೇ ಎಂದು ನೋಡಬೇಕಿತ್ತು. ಅರ್ಧ ಮಕ್ಕಳಿಗೆ ಔಷಧದ ಮಾತ್ರೆ. ಉಳಿದರ್ಧಕ್ಕೆ ಅದೇ ಬಣ್ಣದ, ಒಳಗೆ ಏನೂ ಇಲ್ಲದ ಮಾತ್ರೆ. ಯಾವ ಮಗುವಿಗೆ ಯಾವುದು ಎಂದು ನನಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಆದರೆ ಜ್ವರ ಬಂದರೆ ಆ ಎಲ್ಲ ಮಕ್ಕಳಿಗೂ ನಮ್ಮ ಕ್ಲಿನಿಕ್ಕಿನ ಬಾಗಿಲು ಸರತಿ ಸಾಲಿಲ್ಲದೆ ತೆರೆಯುತ್ತಿತ್ತು.

ನಂಬೇಸಾ ಎಂಬ ಊರಿನ ಯಾಂಖೊ ಅಂಥ ಒಬ್ಬ ಹುಡುಗ. ಮೂರು ವರ್ಷದವನು. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ನಾನು ಅಂಗಳದಾಚೆ ಸೈಕಲ್ ನಿಲ್ಲಿಸಿ ಕೂಗು ಹಾಕಿದೆ. ಅವನ ತಾಯಿ ಎಸ್ನಾತಿ ಚಾಪೆ ಹಾಸಿದಳು. ಅವಳ ಮುದಿ ತಾಯಿ ತೊಗರಿ ಬಿಡಿಸುತ್ತ ಕೂತಿದ್ದವಳು, ಹುಡುಗನನ್ನು ತೊಡೆಗೆಳೆದುಕೊಂಡಳು.

"ಬಂದ್ಯಾ ಬಡಗಣದವನೇ? ನನ್ನ ಗಂಡನ ರಕ್ತ ಕೇಳೋಕೆ ಬಂದಿದ್ದೀಯಂತೆ. ಈ ಗಂಡ ಸಿಕ್ಕೋದೇ ಕಷ್ಟ ಆಗಿತ್ತು ಕಣಪ್ಪ ನನಗೆ, ಹಲ್ಲಿಲ್ಲದವಳನ್ನ ಇನ್ಯಾರು ಮಾಡ್ಕೋತಾರೆ?" ಆ ಸೀಮೆಯಲ್ಲಿ ಅಜ್ಜಿಯರು ಮೊಮ್ಮಗನನ್ನು ಗಂಡ ಎಂದೇ ಕರೆದು ರೇಗಿಸುತ್ತಾರೆ.

"ಒಂದೇ ಹನಿ ಅಜ್ಜಿ. ನಿಮ್ಮ ಗಂಡನಿಗೆ ಏನೂ ಆಗಲ್ಲ."

ನಾನು ಕಾಗದ ಓದಿದೆ. ಎಸ್ನಾತಿ ಗಮನವಿಟ್ಟು ಕೇಳಿ ಕಡೆಗೆ ಹೇಳಿದಳು: "ಎಲ್ಲಾ ಸರಿ ಸಾರ್. ಆದ್ರೆ ನಮ್ಮಣ್ಣ ಮೀನಿಗೆ ಹೋಗಿದ್ದಾನೆ, ಸರೋವರದ ಮೇಲೆ. ಅವನು ಬರಲಿ."

ಇಲ್ಲೇ ನಾನು ಎಡವಿದ್ದು. ನಮ್ಮ ಬಡಗಣದಲ್ಲಿ ಹೆಣ್ಣಿನ ತವರಿಗೆ ದನ ಕೊಟ್ಟು ಮದುವೆಯಾಗುತ್ತೇವೆ. ಮಕ್ಕಳು ಅಪ್ಪನ ಪಾಲು, ಮಾತು ಅಪ್ಪನದು. ಚಿಲ್ವಾ ದಂಡೆಯಲ್ಲಿ ಮನೆ ಹೆಂಗಸಿನದು. ಗಂಡನಾದವನು ಹೆಂಡತಿಯ ಊರಿಗೆ ಬಂದು ಮನೆಅಳಿಯನಾಗಿ ಇರುತ್ತಾನೆ. ಮಕ್ಕಳ ಪರವಾಗಿ ಮಾತಾಡುವವನು ಸೋದರಮಾವ. ಎರಡು ವರ್ಷದಿಂದ ಅಲ್ಲೇ ಇದ್ದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಹುಟ್ಟಿದ ಊರಿನ ರೂಢಿ ಎಲುಬಿನೊಳಗಿರುತ್ತದೆ, ಕಲಿತದ್ದು ಬರಿ ತಲೆಯಲ್ಲಿ. ಕಾಗದದಲ್ಲೂ 'ತಂದೆ ಅಥವಾ ತಾಯಿ' ಎಂದೇ ಅಚ್ಚಾಗಿತ್ತು. "ಹುಡುಗನ ಅಪ್ಪ ಇಲ್ವೇನಮ್ಮ?" ಎಂದೆ.

ಅಪ್ಪ ಫೈಸನ್ ಮನೆಯ ಹಿಂದೆ ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಸೈಕಲ್ಲಿನ ಹಿಂದುಗಡೆ ಜನರನ್ನು ಕೂರಿಸಿಕೊಂಡು ಪೇಟೆಗೆ ಬಿಡುವುದು ಅವನ ಜೀವನ. ಕೈ ಒರೆಸಿಕೊಂಡು ಬಂದು ಚಾಪೆಯ ಅಂಚಿಗೆ ಕೂತ.

"ನನ್ನನ್ನಾ ಸಾರ್ ಕೇಳ್ತಿರೋದು?" ಎಂದು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. "ಈ ಊರಿಗೆ ಬಂದು ಎಂಟು ವರ್ಷ ಆಯ್ತು. ಇಲ್ಲಿ ಕೋಳಿ ಕೂಡ ನನ್ನ ಕೇಳಿ ಮೊಟ್ಟೆ ಇಟ್ಟಿಲ್ಲ."

ಅತ್ತೆ ತೊಗರಿಯ ಸಿಪ್ಪೆಯನ್ನು ಅವನತ್ತ ಎಸೆದಳು. "ನೀನು ಮೊಟ್ಟೆ ತಿನ್ನೋವಾಗ ಕೇಳ್ತೀಯೇನೋ?"

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಫೈಸನ್ ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಕಾಗದದ ಮೇಲೆ ಒತ್ತಿದ. ಒತ್ತಿದ ಬೆರಳನ್ನು ತೆಗೆಯಲು ಅವನಿಗೆ ಮನಸ್ಸೇ ಬರಲಿಲ್ಲ. ಎಸ್ನಾತಿ ಮಾತಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡೆ. ಮೊದಲ ತಿಂಗಳ ಮಾತ್ರೆ ಕೊಟ್ಟೆ, ಸೋಪು ಕೊಟ್ಟೆ, ದೇವರಿಗೆ ವಂದಿಸಿ ಸೈಕಲ್ ಹತ್ತಿದೆ.

ಮುಂದಿನ ತಿಂಗಳು ಹೋದಾಗ ಅಂಗಳದಲ್ಲಿ ಚಾಪೆ ಹಾಸಿರಲಿಲ್ಲ. ಹೊಸ್ತಿಲ ಪಕ್ಕದ ಒರಳಿನ ಮೇಲೆ ಎತ್ತರದ ಗಂಡಸೊಬ್ಬ ಕೂತಿದ್ದ. ಬಿಸಿಲಿಗೂ ಹೊಗೆಗೂ ಬೆಂದ ಮೈ. ಎಸ್ನಾತಿಯ ಅಣ್ಣ ಚಿಮೊಂಬೊ ಅವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನ ಕೈಯಲ್ಲಿ ಬಾಳೆಯೆಲೆಯ ಪೊಟ್ಟಣವಿತ್ತು. ಬಿಚ್ಚಿದ. ಒಳಗೆ ಹೊಚ್ಚ ಹೊಸ ನೀಲಿ ಸೋಪು.

"ನೀನು ಕೊಟ್ಟಿದ್ದನ್ನ ಹೆಂಗಸರು ಅರ್ಧ ಸವೆಸಿದ್ರು. ಸವೆದದ್ದು ವಾಪಸ್ ಕೊಡೋ ಮನೆ ಅಲ್ಲ ಇದು. ಅಂಗಡಿಯಿಂದ ಹೊಸದು ತಂದಿದ್ದೀನಿ. ತಗೋ. ಹುಡುಗ ನಮ್ಮವನು, ನಮ್ಮ ಹತ್ರ ಇರ್ತಾನೆ."

"ಯಜಮಾನ್ರೇ, ಮಾತ್ರೆ..."

"ಕಾಗದ ಹೊತ್ಕೊಂಡು ಬಂದವನಿಗೆ ಮನೆ ಯಾರದ್ದು ಅಂತ ಓದೋಕೆ ಬರಲಿಲ್ವಾ?"

ಮಾತು ಮುಗಿಯಿತು. ಮರುದಿನವೇ ಅವನು ಮತ್ತೆ ಸರೋವರಕ್ಕೆ ಹೋದ.

ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಸಿಟಿಯವರು. "ತಂದೆಯ ಹೆಬ್ಬೆಟ್ಟು ಇದೆಯಲ್ಲ ಝ್ಗಾಂಬೊ? ಕಾಯಿದೆ ಪ್ರಕಾರ ಅಷ್ಟು ಸಾಕು. ತಂದೆ ಬೇಡ ಅಂದಿಲ್ಲವಲ್ಲ," ಎಂದರು.

ಫೈಸನ್ ಕೂಡ ಅದನ್ನೇ ಹೇಳಿದ. ಪೇಟೆಯ ದಾರಿಯಲ್ಲಿ ನನ್ನನ್ನು ತಡೆದು, ಸುತ್ತ ನೋಡಿ, ದನಿ ತಗ್ಗಿಸಿದ. "ಸಾರ್, ನಾಳೆ ಹುಡುಗನ್ನ ಸೈಕಲ್ ಮೇಲೆ ಸುತ್ತಾಡಿಸ್ತೀನಿ ಅಂತ ಕರ್ಕೊಂಡು ಬರ್ತೀನಿ. ಸೇತುವೆ ಹತ್ರ ಮಾತ್ರೆ ನುಂಗಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ನಿನ್ನ ಭಾವನಿಗೆ ಗೊತ್ತಾದರೆ?"

"ಚಾಪೆ ಸುತ್ತಿಕೊಂಡು ನಮ್ಮಮ್ಮನ ಊರಿಗೆ ಹೋಗಬೇಕು ಅಷ್ಟೆ." ನಗಲು ನೋಡಿದ, ಆಗಲಿಲ್ಲ. "ಮಗ ಉಳಿದ್ರೆ ಸಾಕು ಸಾರ್."

ಆ ಸಂಜೆ ನಾನು ಬಹಳ ಹೊತ್ತು ಮೊಣಕಾಲೂರಿ ಕೂತೆ. ಸೇತುವೆಯ ಬಳಿ ಮಾತ್ರೆ ನುಂಗಿಸಬಹುದಿತ್ತು. ಆದರೆ ಜ್ವರ ಬಂದ ದಿನ ಆ ಮನೆಯವರು ಯಾರ ಬಾಗಿಲಿಗೆ ಓಡುತ್ತಾರೆ? ಕದ್ದು ಕೊಟ್ಟವನ ಬಾಗಿಲಿಗೆ ಬರುತ್ತಾರೆಯೇ? ಪ್ರಾರ್ಥನೆಗೆ ಉತ್ತರ ಆಕಾಶದಿಂದ ಬರಲಿಲ್ಲ. ಪಕ್ಕದ ಮನೆಯ ಹುಂಜ ಕೂಗಿತು. ತಪ್ಪುಕಾಣಿಕೆಗೆಂದು ಅದನ್ನೇ ಕೊಂಡೆ.

ಬೆಳಿಗ್ಗೆ ಫೈಸನ್‌ನನ್ನು ಕರೆದುಕೊಂಡು ಸರೋವರಕ್ಕೆ ಹೊರಟೆ. ಆ ನೀರಿನಲ್ಲಿ ಆಳೆತ್ತರದ ಜೊಂಡು ಬೆಳೆಯುತ್ತದೆ. ಬೆಸ್ತರು ಜೊಂಡನ್ನು ಬಗ್ಗಿಸಿ ಕಟ್ಟಿ, ಅದರ ಮೇಲೆ ಗುಡಿಸಲು ಹಾಕಿಕೊಂಡು ವಾರಗಟ್ಟಲೆ ನೀರಿನ ಮೇಲೆಯೇ ಇರುತ್ತಾರೆ. ಮೀನು ಹಿಡಿದು ಅಲ್ಲೇ ಹೊಗೆ ಹಾಕಿ ಒಣಗಿಸುತ್ತಾರೆ. ಮರದ ಬೊಡ್ಡೆ ಕೊರೆದು ಮಾಡಿದ ದೋಣಿಯೊಂದನ್ನು ಫೈಸನ್ ಯಾರದ್ದೋ ಹತ್ತಿರ ಕೇಳಿ ತಂದ. ಗಳ ಊರಿ ದೂಡಲು ಅವನಿಗೂ ಸರಿಯಾಗಿ ಬರುತ್ತಿರಲಿಲ್ಲ.

"ಸಾರ್, ಈಜು ಬರುತ್ತಾ?"

"ಗುಡ್ಡದವನಿಗೆ ಎಲ್ಲಿಯ ಈಜಪ್ಪ?"

"ಹಾಗಾದ್ರೆ ಕೋಳಿನ ಗಟ್ಟಿಯಾಗಿ ಹಿಡ್ಕೊಳ್ಳಿ. ಮೂವರಲ್ಲಿ ಅದಕ್ಕೊಂದಕ್ಕೇ ರೆಕ್ಕೆ ಇರೋದು."

ಜೊಂಡಿನ ಗುಡಿಸಲಿನ ಮುಂದೆ ಚಿಮೊಂಬೊ ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ. ನಮ್ಮನ್ನು ಕಂಡರೂ ತಲೆಯೆತ್ತಲಿಲ್ಲ. ನಾನು ಒದ್ದೆ ಜೊಂಡಿನ ಮೇಲೆ ಮಂಡಿಯೂರಿ, ಅಲ್ಲಿನವರು ಹಿರಿಯರ ಮುಂದೆ ಮಾಡುವಂತೆ ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಮೈಯಡಿ ನೆಲ ತೂಗುತ್ತಿತ್ತು.

"ತಪ್ಪು ಮಾಡಿದೆ ಯಜಮಾನ್ರೇ. ಫೈಸನ್ ಅಲ್ಲ, ನಾನು. ನಿಮ್ಮ ತಂಗಿ ಕಾಯಿರಿ ಅಂದಳು. ನಾನು ಕಾಯಲಿಲ್ಲ."

ಅವನು ಬಲೆಯ ಇನ್ನೂ ಎರಡು ಕಣ್ಣು ಕಟ್ಟಿದ. "ಕೋಳಿ ಮಾತಾಡ್ತಾ ಇಲ್ವಲ್ಲ. ಸತ್ತಿದೆಯಾ?"

"ಹೆದರಿದೆ."

"ನಿನಗಿಂತ ಬುದ್ಧಿವಂತ." ಸೂಜಿಯನ್ನು ಬಲೆಗೆ ಚುಚ್ಚಿಟ್ಟು ತಿರುಗಿ ಕೂತ. "ಓದು ನಿನ್ನ ಕಾಗದ. ಮೊದಲಿಂದ."

ಓದಿದೆ. ಅವನು ಒಂದೊಂದು ಸಾಲಿಗೂ ನಿಲ್ಲಿಸಿ ಕೇಳಿದ. ಹನಿ ರಕ್ತ ಎಲ್ಲಿಗೆ ಹೋಗುತ್ತದೆ? ನೋಡಿದ ಮೇಲೆ ಚೆಲ್ಲುತ್ತಾರೋ, ಇಡುತ್ತಾರೋ? ಮಧ್ಯದಲ್ಲಿ ಬೇಡ ಎಂದರೆ ಆಸ್ಪತ್ರೆಯವರು ಮುಖ ಗಂಟು ಹಾಕುತ್ತಾರೋ? ಕಡೆಗೆ ಮಾತ್ರೆಯ ಸಾಲು ಬಂತು.

"ಅಂದ್ರೆ ನಮ್ಮ ಹುಡುಗನಿಗೆ ಕೊಟ್ಟಿರೋದು ಔಷಧವೋ, ಬರಿ ಸುಣ್ಣವೋ, ನಿನಗೆ ಗೊತ್ತಿಲ್ಲ."

"ಗೊತ್ತಿಲ್ಲ ಯಜಮಾನ್ರೇ."

"ಔಷಧವೇ ಅಂದಿದ್ರೆ ನಾನು ಬೇಗ ಒಪ್ಪಿರ್ತಿದ್ದೆ."

"ಹೌದು. ಆದ್ರೆ ಅದು ನಿಜ ಅಲ್ಲ."

ಜೊಂಡಿನ ನಡುವೆ ನೀರುಕೋಳಿಯೊಂದು ಮುಳುಗಿ ಎದ್ದಿತು. ಆಮೇಲೆ ಅವನು ಮಾತಾಡಿದ್ದು ಫೈಸನ್‌ನ ಕಡೆ ನೋಡಿ.

"ಎಸ್ನಾತಿಯ ಮೊದಲ ಮಗು ನೆನಪಿದೆಯೇನೋ?"

"ಮರೆಯೋಕಾಗುತ್ತಾ ಭಾವ?"

"ಅವತ್ತೂ ನಾನು ಇಲ್ಲೇ ಇದ್ದೆ. ಮಗುವಿಗೆ ಜ್ವರ. ಆಸ್ಪತ್ರೆಗೆ ಹೋಗೋಕೆ ನನ್ನ ಮಾತು ಬೇಕು ಅಂತ ಕಾದ್ರು. ಗಾಳಿ ಎದುರಿತ್ತು, ಸುದ್ದಿ ತಂದ ದೋಣಿ ಎರಡು ದಿನ ತಡ. ನಾನು ದಡ ಮುಟ್ಟೋ ಹೊತ್ತಿಗೆ ಹೆಂಗಸರು ಅಳ್ತಾ ಇದ್ರು." ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಮತ್ತೆ ನನ್ನತ್ತ ತಿರುಗಿದ. "ನೀನು ತಿಳ್ಕೊಂಡಿದ್ದೀಯ, ಈ ಮನುಷ್ಯನಿಗೆ ದೊಡ್ಡಸ್ತಿಕೆ, ಕೇಳಲಿಲ್ಲ ಅಂತ ಉರಿ ಅಂತ. ಉರಿ ಇತ್ತು, ಇಲ್ಲ ಅನ್ನಲ್ಲ. ಸೋಪು ವಾಪಸ್ ಕೊಟ್ಟಿದ್ದು ಆ ಉರಿಗೇ. ಆದ್ರೆ ಕೇಳು. ಮುಂಚೆನೇ ಕೂರಿಸಿ ಎಲ್ಲಾ ಹೇಳಿ ಕೇಳಿದ್ರೆ, ನನ್ನ ಮಾತನ್ನ ಮುಂಚೆನೇ ಕೊಟ್ಟು ನೀರಿಗಿಳಿತೀನಿ. ಆಮೇಲೆ ಯಾರೂ ನನಗೋಸ್ಕರ ಕಾಯೋದು ಬೇಡ. ನೀನು ಈ ಪಾಪದವನ ಹೆಬ್ಬೆಟ್ಟು ತಗೊಂಡು ಹೋದೆ. ನಾಳೆ ಜ್ವರ ಬಂದ್ರೆ ಆ ಹೆಬ್ಬೆಟ್ಟು ನೋಡಿ ಎಸ್ನಾತಿ ಮನೆಬಿಟ್ಟು ಹೊರಡ್ತಾಳಾ? ನನಗೇ ಕಾಯ್ತಾಳೆ."

ಇಪ್ಪತ್ತೆರಡು ಪ್ರಶ್ನೆಗಳಿದ್ದ ಆ ಕಾಗದದಲ್ಲಿ ಈ ಒಂದು ಮಾತು ಇರಲಿಲ್ಲ.

ಚಿಮೊಂಬೊ ಶಾಯಿ ಕೇಳಿದ. ಫೈಸನ್‌ನ ಗುರುತನ್ನು ಹೊಡೆದುಹಾಕಲೇ ಎಂದು ನಾನು ಕೇಳಿದ್ದಕ್ಕೆ ರೇಗಿದ. "ಯಾಕೆ ಹೊಡಿತೀಯ? ಹುಡುಗನಿಗೆ ಅವನು ಅಪ್ಪ ಅಲ್ವಾ? ಅದರ ಕೆಳಗೆ ನಂದು." ಜಾಗ ಸಾಲದೆ ಅವನ ಹೆಬ್ಬೆಟ್ಟಿನ ಅಂಚು ಫೈಸನ್‌ನ ಹೆಬ್ಬೆಟ್ಟಿನ ಮೇಲೆ ಹತ್ತಿತು. ಬೆಸ್ತನ ಬೆರಳು, ಗೆರೆಗಳೆಲ್ಲ ಬಲೆಯ ದಾರಕ್ಕೆ ಸವೆದಿದ್ದವು.

ಹುಡುಗನಿಗೆ ತಾನೇ ಮಾತ್ರೆ ನುಂಗಿಸುತ್ತೇನೆಂದು ಅವನೂ ನಮ್ಮ ಜೊತೆ ಹೊರಟ. ಗಳ ಅವನ ಕೈಗೆ ಬಂದ ಮೇಲೆ ದೋಣಿ ನೆಟ್ಟಗೆ ಹೋಯಿತು. ಹೊತ್ತು ಇನ್ನೂ ಇಳಿದಿರಲಿಲ್ಲ. ದಡ ಹತ್ತಿರವಾಗುತ್ತಿದ್ದಂತೆ ಫೈಸನ್ ಎದ್ದು ನಿಂತ, ದೋಣಿ ವಾಲಿತು.

ದಡದಲ್ಲಿ ಎಸ್ನಾತಿ ನಿಂತಿದ್ದಳು. ಬೆನ್ನಿಗೆ ಕಟ್ಟಿದ ಬಟ್ಟೆಯೊಳಗೆ ಯಾಂಖೊ. ಅವನ ತಲೆ ಅವಳ ಭುಜದ ಮೇಲೆ ಒಂದು ಕಡೆಗೆ ಬಿದ್ದಿತ್ತು. ಪಕ್ಕದಲ್ಲಿ ಮುದುಕಿ, ತಮಾಷೆಯೆಲ್ಲ ಒಣಗಿದ ಮುಖ.

"ಬೆಳಿಗ್ಗೆಯಿಂದ ಮೈ ಕೆಂಡ ಅಣ್ಣಾ," ಎಂದಳು ಎಸ್ನಾತಿ ನೀರಿಗೇ ಇಳಿದು. "ಹೋಗ್ಲಾ?"

ಚಿಮೊಂಬೊನ ಕೈಯಿಂದ ಗಳ ಜಾರಿ ನೀರಿಗೆ ಬಿತ್ತು. ಆರು ವರ್ಷದ ಹಿಂದಿನ ದಡ ಅವನಿಗೆ ಮತ್ತೆ ಕಂಡಿರಬೇಕು. ಸೊಂಟಮಟ್ಟದ ನೀರಿಗೆ ಧುಮುಕಿ ನಡೆದುಬಂದು ಹುಡುಗನ ಹಣೆ ಮುಟ್ಟಿದ.

"ಬೆಳಿಗ್ಗೆಯಿಂದ ಇಲ್ಲಿ ನಿಂತಿದ್ದೀಯಾ? ನನಗೋಸ್ಕರ?" ದೋಣಿಯ ಕಡೆ ತಿರುಗಿ ಕೂಗಿದ. "ಫೈಸನ್! ಸೈಕಲ್ ತಗೋ. ಇವಳನ್ನ ಕೂರಿಸ್ಕೊಂಡು ಹೊರಡು. ಅವ್ವಾ, ನೀನೂ ಕೇಳಿಸ್ಕೋ. ನನ್ನ ಮಾತನ್ನ ಇವತ್ತು ನಿನ್ನ ಅಳಿಯನ ಹತ್ರ ಇಟ್ಟಿದ್ದೀನಿ. ನಾನು ನೀರ ಮೇಲಿದ್ದಾಗ ಈ ಮಕ್ಕಳಿಗೆ ಇವನು ಹೇಳಿದ್ದೇ ನಾನು ಹೇಳಿದ್ದು. ಇನ್ನೊಂದು ಸಲ ಈ ದಡದಲ್ಲಿ ಯಾರೂ ನಿಂತು ಕಾಯಕೂಡದು."

ಫೈಸನ್ ಆಗಲೇ ಪೆಡಲ್ ಮೇಲೆ ನಿಂತಿದ್ದ. ಅವನು ಅಷ್ಟು ಜೋರಾಗಿ ತುಳಿದದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಚಿಮೊಂಬೊನನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾನೂ ಹಿಂಬಾಲಿಸಿದೆ. ದಾರಿಯುದ್ದಕ್ಕೂ ಬಾಯಲ್ಲಿ ದೇವರ ಹೆಸರು. ನನ್ನದೋ ಅವನದೋ ಗೊತ್ತಾಗಲಿಲ್ಲ.

ಕ್ಲಿನಿಕ್ಕಿನಲ್ಲಿ ನರ್ಸಮ್ಮ ಬೆರಳು ಚುಚ್ಚಿ ನೋಡಿದರು. ಮಲೇರಿಯಾ ಇತ್ತು, ರಕ್ತ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಸರಿಯಾದ ಹೊತ್ತಿಗೆ ಬಂದಿರಿ. ನಾಳೆ ಆಗಿದ್ರೆ ಕಷ್ಟ ಇತ್ತು," ಎಂದರು. ಸೂಜಿಮದ್ದು ಕೊಡುವ ಮುಂಚೆ ಕೇಳಿದರು: "ಮಗುವಿನ ಕಡೆಯವರು ಯಾರು? ಯಾರನ್ನ ಕೇಳ್ಬೇಕು?"

ಫೈಸನ್ ರೂಢಿಯಂತೆ ಭಾವನ ಮುಖ ನೋಡಿದ. ಭಾವ ಗೋಡೆಯ ಕಡೆ ನೋಡುತ್ತ ನಿಂತ. ಬೇರೆ ದಾರಿ ಕಾಣದೆ ಫೈಸನ್ ಒಂದು ಹೆಜ್ಜೆ ಮುಂದೆ ಬಂದ.

"ನನ್ನ ಕೇಳಿ ಅಮ್ಮಾ. ಕೊಡಿ, ಕೊಡಿ."

ಹುಡುಗ ಉಳಿದ. ಮೂರನೆಯ ದಿನ ಅಜ್ಜಿಯ ಮೂಗು ಹಿಡಿದೆಳೆದು ನಕ್ಕ. "ಬಂದೆಯಾ ನನ್ನ ಗಂಡಾ, ಬಿಟ್ಟು ಓಡಿಹೋಗಿದ್ದೆಯಲ್ಲ," ಎಂದು ಮುದುಕಿ ಅತ್ತಳು. ಅವನು ನುಂಗಿದ್ದು ಔಷಧವೋ ಬರಿ ಮಾತ್ರೆಯೋ ಎಂದು ನಾನು ಮುಂದೆಯೂ ವಿಚಾರಿಸಲಿಲ್ಲ. ಅದನ್ನು ತಿಳಿದವನು ಒಬ್ಬನಿದ್ದಾನೆ, ಅಷ್ಟು ಸಾಕು.

ನನ್ನ ಚೀಲದಲ್ಲಿ ಆ ನೀಲಿ ಸೋಪು ಹಾಗೆಯೇ ಇತ್ತು. ಸೂಜಿಮದ್ದು ಕೊಟ್ಟ ಆ ಸಂಜೆ ಕ್ಲಿನಿಕ್ಕಿನ ಅಂಗಳದಲ್ಲಿ, ಹುಡುಗನಿಗೆ ನಿದ್ದೆ ಹತ್ತಿದ ಮೇಲೆ, ಚಿಮೊಂಬೊ ಕೈ ಚಾಚಿದ. "ನಂದು ನನಗೆ ಕೊಡಪ್ಪ. ಮೀನು ನಾರ್ತಾ ಇದ್ದೀನಿ, ಹೀಗೇ ಹೇಗೆ ಮಗೂನ ಎತ್ಕೊಳ್ಳೋದು?"

ಬೋರಿನ ಹಿಡಿಯನ್ನು ಫೈಸನ್ ಒತ್ತಿದ. ಚಿಮೊಂಬೊ ಬಗ್ಗಿ ಮೊಣಕೈವರೆಗೂ ನೊರೆ ಬರಿಸಿ, ಎಷ್ಟೋ ಹೊತ್ತು, ಬೆರಳೊಂದೊಂದನ್ನೂ ಉಜ್ಜಿ ತೊಳೆದುಕೊಂಡ. ಆಮೇಲೆ ಸೋಪನ್ನು ಫೈಸನ್‌ನ ಕೈಗಿಟ್ಟು, ತಾನು ಹಿಡಿ ಒತ್ತಲು ನಿಂತ.